ಸೀಟು ಸಿಕ್ಕ ಮೇಲಿನ ಮಾತು

ಪ್ರಶ್ನೆ: ನನ್ನ ಅಕ್ಕನ ಮಗಳಿಗೆ ಸಿನಿಮಾ ಕ್ಯಾಮೆರಾ ಕೆಲಸ ಕಲಿಯುವ ಆಸೆ. ಪುಣೆ, ಕೋಲ್ಕತ್ತ ಅಂತ ಹುಡುಕಾಡುತ್ತಿದ್ದಾಳೆ. ಅವಳ ಜೊತೆ ಕೂತು ಓದುವಾಗ, ಫಿಲ್ಮ್ ಸ್ಕೂಲುಗಳಲ್ಲಿ ವೈವಿಧ್ಯ ಹೆಚ್ಚಬೇಕು, ಎಲ್ಲರನ್ನೂ ಒಳಗೊಳ್ಳಬೇಕು ಎಂಬ ಮಾತು ಮತ್ತೆ ಮತ್ತೆ ಕಣ್ಣಿಗೆ ಬಿತ್ತು. ಸರ್ಕಾರಿ ಸಂಸ್ಥೆಗಳಲ್ಲಿ ಮೀಸಲಾತಿ ಹೇಗೂ ಇದೆ. ಸೀಟು ಕೊಟ್ಟ ಮೇಲೆ ಶಾಲೆ ಇನ್ನೇನು ಮಾಡಬೇಕು? ಅಷ್ಟಕ್ಕೂ ಕಲೆಯಲ್ಲಿ ಪ್ರತಿಭೆಯೊಂದನ್ನೇ ನೋಡಿದರೆ ತಪ್ಪೇನು?
— ಓದುಗರೊಬ್ಬರು, ಯಾದಗಿರಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಪ್ರತಿಭೆಯನ್ನೇ ನೋಡಲಿ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಪ್ರತಿಭೆ ನೋಡುತ್ತಿದ್ದೇವೆ ಎಂದುಕೊಂಡು ಸಿನಿಮಾ ಶಾಲೆಗಳು ಬೇರೇನನ್ನೋ ನೋಡಿದ ಪ್ರಸಂಗಗಳಿವೆ. ಅದರಲ್ಲೊಂದು ಸುಪ್ರೀಂ ಕೋರ್ಟಿನವರೆಗೂ ಹೋಯಿತು.

2015ರಲ್ಲಿ ಪಟ್ನಾದ ಯುವಕರೊಬ್ಬರು ಪುಣೆಯ ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯ, ಅಂದರೆ ಎಫ್‌ಟಿಐಐನ, ಸಂಕಲನದ ಕೋರ್ಸಿಗೆ ಆಯ್ಕೆಯಾದರು. ಮೂರು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಅದು. ಆಯ್ಕೆಯ ಹಂತಗಳನ್ನೆಲ್ಲ ದಾಟಿದ ಮೇಲೆ ವೈದ್ಯಕೀಯ ತಪಾಸಣೆಯಲ್ಲಿ ಅವರಿಗೆ ಬಣ್ಣಗುರುಡು ಇದೆ ಎಂದು ಗೊತ್ತಾಯಿತು. ಸೀಟು ಹೋಯಿತು. ಬಣ್ಣಗುರುಡು ಇದ್ದವರು ಕೆಲವು ಕೋರ್ಸುಗಳಿಗೆ ಅನರ್ಹರು ಎಂದು ಸಂಸ್ಥೆಯ ನಿಯಮವೇ ಹೇಳುತ್ತಿತ್ತು, ಸಂಕಲನವೂ ಅದರಲ್ಲಿ ಸೇರಿತ್ತು. ಬಾಂಬೆ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು.

ಬಣ್ಣಗುರುಡು ಅಂದರೆ ಲೋಕವೆಲ್ಲ ಕಪ್ಪುಬಿಳುಪು ಎಂದುಕೊಳ್ಳುವವರಿದ್ದಾರೆ. ಹಾಗಲ್ಲ. ಹೆಚ್ಚಿನವರಿಗೆ ಕೆಂಪು ಹಸಿರುಗಳ ಕೆಲವು ಛಾಯೆಗಳು ಒಂದೇ ಥರ ಕಾಣುತ್ತವೆ, ಅಷ್ಟೆ. ಜಪಾನಿನ ನೇತ್ರವೈದ್ಯ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಚುಕ್ಕಿಚಿತ್ರಗಳು ಇವತ್ತಿಗೂ ಇದರ ಪರೀಕ್ಷೆಗೆ ಬಳಕೆಯಲ್ಲಿವೆ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಒಂದು ಅಂಕಿ ಅಡಗಿರುತ್ತದೆ. ಸಾಮಾನ್ಯ ದೃಷ್ಟಿಯವರಿಗೆ ಅದು ಥಟ್ಟನೆ ಕಾಣುತ್ತದೆ, ಉಳಿದವರಿಗೆ ಬರೀ ಚುಕ್ಕಿ. ರೈಲ್ವೆ ನೌಕರಿಗೆ ಹೋದವರಿಗೆ ಇದರ ಪರಿಚಯ ಇರುತ್ತದೆ. ರೈಲು ಓಡಿಸುವವನಿಗೆ ಸಿಗ್ನಲ್ಲಿನ ಕೆಂಪು ಹಸಿರು ಗೊತ್ತಾಗಲೇಬೇಕು, ಅಲ್ಲಿ ಆ ಪರೀಕ್ಷೆ ನ್ಯಾಯವೇ. ಸಂಕಲನಕಾರನಿಗೆ ಯಾಕೆ?

ಎಡಿಟಿಂಗ್ ಟೇಬಲ್ಲಿನ ಮುಂದೆ ಕೂತವನ ಕೆಲಸ ನೋಡಿ. ಹತ್ತು ಟೇಕುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ನಟಿಯ ನೋಟವನ್ನು ಎಲ್ಲಿಯವರೆಗೆ ಹಿಡಿದು ಎಲ್ಲಿ ಕತ್ತರಿಸಬೇಕು, ಮುಂದಿನ ದೃಶ್ಯದ ಶಬ್ದ ಈ ದೃಶ್ಯದ ಕೊನೆಯಲ್ಲೇ ಕೇಳಿಸಬೇಕೋ ಬೇಡವೋ, ಇವು ಅವನ ತಲೆನೋವು. ಬಣ್ಣದ ಕೆಲಸ ಬರುವುದು ಸಂಕಲನ ಮುಗಿದ ಮೇಲೆ. ಅದಕ್ಕೆ ಬೇರೆ ಕೋಣೆ, ಬೇರೆ ತಂತ್ರಜ್ಞ. ಕಲರಿಸ್ಟ್ ಎಂದು ಕರೆಸಿಕೊಳ್ಳುವ ಆತ ಕೂಡ ಬರಿಗಣ್ಣನ್ನೇ ನಂಬುವುದಿಲ್ಲ, ಬಣ್ಣದ ಪ್ರಮಾಣ ತೋರಿಸುವ ಗ್ರಾಫುಗಳು ಎದುರಿಗೇ ಇರುತ್ತವೆ.

ಸುಪ್ರೀಂ ಕೋರ್ಟು ಒಂದು ತಜ್ಞರ ಸಮಿತಿ ಮಾಡಿತು. ವಕೀಲರು, ಕಣ್ಣಿನ ವೈದ್ಯರ ಜೊತೆಗೆ ಈ ಕೆಲಸವನ್ನೇ ಮಾಡಿ ಪಳಗಿದವರೂ ಅದರಲ್ಲಿದ್ದರು. ಸಂಕಲನಕ್ಕೆ ಹಲವು ರಾಷ್ಟ್ರಪ್ರಶಸ್ತಿ ಪಡೆದ ಶ್ರೀಕರ್ ಪ್ರಸಾದ್ ಅವರಲ್ಲೊಬ್ಬರು. ಸಮಿತಿ ಕೋರ್ಸಿನ ಪಠ್ಯಕ್ರಮ ಬಿಚ್ಚಿ ನೋಡಿದಾಗ, ಬಣ್ಣ ತಿದ್ದುವ ಪಾಠ ಎಂದು ಅದರಲ್ಲಿದ್ದದ್ದು 20 ನಿಮಿಷದ ಒಂದು ಭಾಗ. ಸಂಕಲನಕಾರನ ಕೆಲಸಕ್ಕೂ ಅದಕ್ಕೂ ಸಂಬಂಧವಿಲ್ಲ, ಬೇಕಾದರೆ ಕೈಬಿಡಿ ಅಥವಾ ಐಚ್ಛಿಕ ಮಾಡಿ ಎಂದು ಸಮಿತಿ ಹೇಳಿತು. ಬಣ್ಣಗುರುಡಿನ ಕಾರಣಕ್ಕೆ ಯಾವ ಕೋರ್ಸಿನಿಂದಲೂ ಯಾರನ್ನೂ ಹೊರಗಿಡಬೇಡಿ ಎಂಬುದು ಅದರ ಬಹುಮತದ ಅಭಿಪ್ರಾಯ. 2022ರ ಏಪ್ರಿಲ್ 12ರಂದು ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮತ್ತು ಎಂ.ಎಂ. ಸುಂದರೇಶ್ ಅವರ ಪೀಠ ಇದನ್ನು ಒಪ್ಪಿತು. ಸಿನಿಮಾ ಹಲವರು ಕೂಡಿ ಮಾಡುವ ಕಲೆ, ಒಬ್ಬರಿಗಿರುವ ಮಿತಿಯನ್ನು ಇನ್ನೊಬ್ಬರ ನೆರವಿನಿಂದ ದಾಟಬಹುದು ಎಂಬುದು ಅದರ ತಿರುಳು. ಅಷ್ಟು ಹೊತ್ತಿಗೆ ಅಭ್ಯರ್ಥಿಯ ಏಳು ವರ್ಷ ಹೋಗಿತ್ತು.

ಇಪ್ಪತ್ತು ನಿಮಿಷದ ಪಾಠಕ್ಕೆ ಏಳು ವರ್ಷ! ಯಾರೋ ದ್ವೇಷದಿಂದ ಮಾಡಿದ ನಿಯಮ ಇದು ಎಂದು ನನಗನ್ನಿಸುವುದಿಲ್ಲ. ಹಿಂದಿನಿಂದ ನಡೆದುಬಂದಿತ್ತು, ಯಾವ ಕೆಲಸಕ್ಕೆ ಇದು ಬೇಕು ಎಂದು ಯಾರೂ ಕೇಳಿರಲಿಲ್ಲ. ‘ಡ್ರೈವ್’ ಸಿನಿಮಾ ಮಾಡಿದ ಡೆನ್ಮಾರ್ಕಿನ ನಿರ್ದೇಶಕ ನಿಕೋಲಸ್ ವೈಂಡಿಂಗ್ ರೆಫ್ನ್ ತಮಗೆ ಬಣ್ಣಗುರುಡು ಎಂದು ಬಹಿರಂಗವಾಗಿಯೇ ಹೇಳಿಕೊಂಡವರು. ಮಧ್ಯದ ಛಾಯೆಗಳು ಕಾಣದ್ದರಿಂದಲೇ ಅವರ ಚಿತ್ರಗಳಲ್ಲಿ ಬಣ್ಣ ಅಷ್ಟು ಗಾಢ. ಪ್ರಪಂಚದ ವಿಮರ್ಶಕರು ಅದನ್ನು ಅವರ ಶೈಲಿ ಎಂದು ಮೆಚ್ಚುತ್ತಾರೆ. ಪುಣೆಯ ಹಳೆಯ ನಿಯಮದ ಎದುರು ಅವರು ಬಂದಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಇನ್ನು ನಿಮ್ಮ ಮೊದಲ ಪ್ರಶ್ನೆ: ಸೀಟು ಕೊಟ್ಟ ಮೇಲೆ ಇನ್ನೇನು? ಇದಕ್ಕೆ ನಮ್ಮ ಪಕ್ಕದ ರಾಜ್ಯದಲ್ಲೇ ಒಂದು ಉದಾಹರಣೆಯಿದೆ. ಕೋಟ್ಟಯಂ ಜಿಲ್ಲೆಯಲ್ಲಿ ಕೇರಳ ಸರ್ಕಾರದ ಒಂದು ಸಿನಿಮಾ ಶಾಲೆಯಿದೆ, ದೇಶದ ಮೊದಲ ದಲಿತ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರ ಹೆಸರಿನದು. 2022ರ ಡಿಸೆಂಬರಿನಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮುಷ್ಕರಕ್ಕೆ ಕೂತರು. ಪ್ರವೇಶದಲ್ಲಿ ಮೀಸಲಾತಿ ನಿಯಮ ಪಾಲಿಸುತ್ತಿಲ್ಲ, ಪರಿಶಿಷ್ಟ ಜಾತಿಯ ಅಭ್ಯರ್ಥಿಗೆ ಅರ್ಹತೆಯಿದ್ದೂ ಸೀಟು ಸಿಗಲಿಲ್ಲ, ಸ್ವಚ್ಛತೆಯ ಕೆಲಸದ ಹೆಂಗಸರನ್ನು ಸಂಸ್ಥೆಯ ನಿರ್ದೇಶಕರ ಮನೆಗೆಲಸಕ್ಕೆ ಹಚ್ಚುತ್ತಾರೆ ಎಂಬವು ಅವರ ಆರೋಪಗಳು. ನಿರ್ದೇಶಕರು ಅವನ್ನು ಅಲ್ಲಗಳೆದರು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. ಜನವರಿಯಲ್ಲಿ ನಿರ್ದೇಶಕರು ರಾಜೀನಾಮೆ ಕೊಟ್ಟರು. ಆ ತಿಂಗಳ ಕೊನೆಗೆ, ಆರೋಪಗಳಲ್ಲಿ ಹುರುಳಿಲ್ಲ ಎನ್ನುತ್ತಲೇ, ಸಂಸ್ಥೆಯ ಅಧ್ಯಕ್ಷ ಅಡೂರ್ ಗೋಪಾಲಕೃಷ್ಣನ್ ಕೂಡ ಹೊರನಡೆದರು. ಅವರ ಜಾಗಕ್ಕೆ ಸಯೀದ್ ಮಿರ್ಜಾ ಬಂದರು.

ಯಾರದು ಸರಿ ಎಂಬ ತೀರ್ಪು ನನ್ನ ಕೆಲಸವಲ್ಲ. ನನಗೆ ಮುಖ್ಯವಾಗಿ ಕಂಡದ್ದು ಬೇರೆ. ಪಾಠ ಕಲಿಯಲು ಬಂದ ಹುಡುಗರು ತಮ್ಮ ಸೀಟಿನ ಬಗ್ಗೆ ಮಾತ್ರ ಅಲ್ಲ, ಶಾಲೆಯ ನೆಲ ಒರೆಸುವ ಹೆಂಗಸರ ಬಗ್ಗೆಯೂ ಮಾತಾಡಿದರು. ಕ್ಯಾಂಪಸ್ಸಿನಲ್ಲಿ ಯಾರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಪ್ರವೇಶದ ಪಟ್ಟಿ ಹೇಳುವುದಿಲ್ಲ. ದೂರು ಕೊಡಲು ಒಂದು ಜಾಗ, ಅದನ್ನು ಕೇಳಲು ಆಡಳಿತಕ್ಕೆ ಹೊರತಾದ ಒಂದು ಕಿವಿ ಇದ್ದಿದ್ದರೆ ಒಂದೂವರೆ ತಿಂಗಳು ಪಾಠ ನಿಲ್ಲಬೇಕಿರಲಿಲ್ಲ. (ಸಿನಿಮಾ ಶಾಲೆಗಳಿಗೆ ಮುಷ್ಕರ ಹೊಸದೇನಲ್ಲ ಅನ್ನಿ. ಪುಣೆಯಲ್ಲಿ 2015ರಲ್ಲಿ ಅಧ್ಯಕ್ಷರ ನೇಮಕ ವಿರೋಧಿಸಿ 139 ದಿನ ನಡೆದಿತ್ತು. ಆಗ ಮುಷ್ಕರದಲ್ಲಿದ್ದ ಪಾಯಲ್ ಕಪಾಡಿಯಾ 2024ರಲ್ಲಿ ಕಾನ್ ಚಿತ್ರೋತ್ಸವದ ಗ್ರ್ಯಾಂಡ್ ಪ್ರಿ ಗೆದ್ದರು.)

ಸೀಟು, ಹಾಸ್ಟೆಲು, ದೂರು ಇವೆಲ್ಲ ಯಾವ ಕಾಲೇಜಿನಲ್ಲಾದರೂ ಬರುವ ವಿಷಯ. ಸಿನಿಮಾ ಶಾಲೆಗೇ ವಿಶೇಷವಾದದ್ದು ತರಗತಿಯೊಳಗಿದೆ. ಇಲ್ಲಿ ಪರೀಕ್ಷೆಯನ್ನು ಒಬ್ಬೊಬ್ಬರೇ ಬರೆಯುವುದಿಲ್ಲ. ಡಿಪ್ಲೊಮಾ ಫಿಲ್ಮ್ ಅಂದರೆ ನಿರ್ದೇಶನದವರೊಬ್ಬರು, ಕ್ಯಾಮೆರಾದವರೊಬ್ಬರು, ಶಬ್ದ, ಸಂಕಲನದವರು ಒಬ್ಬೊಬ್ಬರು ಸೇರಿದ ಒಂದು ಯೂನಿಟ್. ಯಾರು ಯಾರ ಯೂನಿಟ್ಟಿಗೆ ಎಂಬುದನ್ನು ಹುಡುಗರೇ ಮಾತಾಡಿಕೊಳ್ಳಲು ಬಿಟ್ಟರೆ, ಒಂದೇ ಊರಿನ, ಒಂದೇ ಭಾಷೆಯ, ಒಂದೇ ಟೀ ಅಂಗಡಿಯ ಗೆಳೆಯರು ಒಂದಾಗುತ್ತಾರೆ. ಇಂಗ್ಲಿಷು ತಡವರಿಸುವವನು ಕೊನೆಗೆ ಉಳಿಯುತ್ತಾನೆ. ಮೊದಲ ವರ್ಷದ ಅಭ್ಯಾಸಗಳಲ್ಲಿ ಲೈಟು ಹೊರುವುದು, ಫೋಕಸ್ ಎಳೆಯುವುದು, ಕ್ಯಾಮೆರಾ ಹಿಡಿಯುವುದು ಹುಡುಗರಿಗೆ ಹೋಗುತ್ತದೆ. ಕಂಟಿನ್ಯೂಯಿಟಿ ಹಾಳೆ ಬರೆಯುವುದು, ಕಾಸ್ಟ್ಯೂಮ್ ನೋಡಿಕೊಳ್ಳುವುದು, ಊಟ ತರಿಸುವುದು ಹುಡುಗಿಯ ಪಾಲಿಗೆ. ಯಾರೂ ಆದೇಶ ಹೊರಡಿಸಿರುವುದಿಲ್ಲ. ಮೂರು ವರ್ಷ ಕಳೆದ ಮೇಲೆ ಒಬ್ಬರ ಕೈ ಪಳಗಿರುತ್ತದೆ, ಇನ್ನೊಬ್ಬರದು ಇಲ್ಲ, ಸರ್ಟಿಫಿಕೇಟು ಮಾತ್ರ ಒಂದೇ. ಇದಕ್ಕೆ ಮದ್ದು ಸುಲಭ: ಪ್ರತಿ ಅಭ್ಯಾಸಕ್ಕೂ ಕೆಲಸವನ್ನು ಸರದಿಯ ಮೇಲೆ ಹಂಚಿ, ಆ ಪಟ್ಟಿಯನ್ನು ಮೇಷ್ಟ್ರೇ ಗೋಡೆಗೆ ಅಂಟಿಸುವುದು. ಖರ್ಚು ಏನೇನೂ ಇಲ್ಲ.

ಪಾಠದ ಒಳಗೂ ಪಕ್ಷಪಾತ ಅಡಗಿರುತ್ತದೆ. ಕೊಡಾಕ್ ಕಂಪನಿ ದಶಕಗಳ ಕಾಲ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಿಕೊಳ್ಳಲು ಒಂದು ಮಾದರಿ ಕಾರ್ಡು ಕಳಿಸುತ್ತಿತ್ತು. ಅದರಲ್ಲಿರುತ್ತಿದ್ದದ್ದು ಬಿಳಿಯ ಹೆಣ್ಣುಮಗಳ ಮುಖ. ಮೊದಲ ರೂಪದರ್ಶಿಯ ಹೆಸರಿನಿಂದ ಅದಕ್ಕೆ ಶರ್ಲಿ ಕಾರ್ಡ್ ಎಂದೇ ಹೆಸರಾಯಿತು. ಶರ್ಲಿಯ ಕೆನ್ನೆ ಸರಿಯಾಗಿ ಬಂದರೆ ಲ್ಯಾಬು ಸರಿಯಿದೆ ಎಂದರ್ಥ. ಕಪ್ಪು ಮೈಬಣ್ಣದವರ ಮುಖದ ವಿವರಗಳು ಆ ಲೆಕ್ಕಾಚಾರದಲ್ಲಿ ಮುಳುಗಿಹೋಗುತ್ತಿದ್ದವು, ಹಲ್ಲು ಕಣ್ಣು ಮಾತ್ರ ಹೊಳೆಯುತ್ತಿದ್ದವು. ಕಂಪನಿ ಎಚ್ಚೆತ್ತಿದ್ದರಲ್ಲಿ ಚಾಕೊಲೇಟು ಮತ್ತು ಮರದ ಪೀಠೋಪಕರಣ ತಯಾರಿಸುವವರ ದೂರುಗಳ ಪಾತ್ರ ದೊಡ್ಡದು ಎಂದು ಕೆನಡಾದ ಸಂಶೋಧಕಿ ಲೋರ್ನಾ ರಾತ್ ಬರೆದಿದ್ದಾರೆ. ತಮ್ಮ ಸರಕಿನ ಕಂದು ಛಾಯೆಗಳು ಜಾಹೀರಾತಿನಲ್ಲಿ ಸರಿಯಾಗಿ ಬರುತ್ತಿಲ್ಲ ಎಂಬುದು ಅವರ ಗೋಳು! ಮನುಷ್ಯರ ಮುಖಕ್ಕಿಂತ ಮೇಜು ಕುರ್ಚಿಗಳ ಮಾತು ಬೇಗ ಕೇಳಿಸಿತು.

ನಮ್ಮಲ್ಲಿ ಬಿಳಿಯರಿಲ್ಲ, ಆ ಸಮಸ್ಯೆ ನಮಗೇಕೆ ಅನ್ನಬೇಡಿ. ನಮ್ಮ ಸಿನಿಮಾಗಳಲ್ಲಿ ನಾಯಕಿಯ ಮುಖಕ್ಕೆ ಬೀಳುವ ಬೆಳಕೆಷ್ಟು, ಹೊಲದ ಆಳಿನ ಮುಖಕ್ಕೆ ಬೀಳುವ ಬೆಳಕೆಷ್ಟು, ಒಮ್ಮೆ ಗಮನಿಸಿ. ಕಪ್ಪಗಿರುವ ನಟನನ್ನು ಪೌಡರು ಬಳಿದು ಬೆಳ್ಳಗೆ ಮಾಡದೆ, ಅವನ ಚರ್ಮದ ಹೊಳಪನ್ನೇ ಬಳಸಿಕೊಂಡು ಬೆಳಕು ಹೊಂದಿಸುವುದು ಒಂದು ವಿದ್ಯೆ. ಬೆಳಕು ಅಳೆಯುವ ಮೀಟರ್ ತೋರಿಸಿದ್ದನ್ನು ಹಾಗೇ ನಂಬದೆ ಕ್ಯಾಮೆರಾದೊಳಗೆ ಹೋಗುವ ಬೆಳಕನ್ನು ಎಲ್ಲಿ ಅರ್ಧ ಸ್ಟಾಪ್ ಇಳಿಸಬೇಕು, ದೀಪವನ್ನು ನೇರ ಹಾಕುವ ಬದಲು ಬಿಳಿ ಬಟ್ಟೆಗೆ ಬಡಿದು ಬರುವಂತೆ ಹೇಗೆ ತಿರುಗಿಸಬೇಕು ಎಂಬುದನ್ನು ತರಗತಿಯಲ್ಲಿ ಕಲಿಸಬೇಕು. ಮೂರು ಬೇರೆ ಬೇರೆ ಮೈಬಣ್ಣದವರನ್ನು ಒಂದೇ ಚೌಕಟ್ಟಿನಲ್ಲಿ ಕೂರಿಸಿ ಮೂವರ ಮುಖವೂ ಸರಿಯಾಗಿ ಬರುವಂತೆ ಬೆಳಕು ಮಾಡು ಎಂದು ಪರೀಕ್ಷೆಯಲ್ಲೇ ಕೇಳಬೇಕು. ಒಳಗೊಳ್ಳುವಿಕೆಯ ಬಗ್ಗೆ ಹತ್ತು ಭಾಷಣ ಕೇಳುವುದಕ್ಕಿಂತ ಈ ಒಂದು ಅಭ್ಯಾಸ ಮೇಲು ಎನ್ನುವುದು ನನ್ನ ಅಭಿಪ್ರಾಯ.

ಸೀಟು, ದುಡ್ಡು, ಪಾಠ, ಮೇಷ್ಟ್ರು ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಅಮೆರಿಕದ್ದು. 1960ರ ದಶಕದ ಕೊನೆಯಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ, ಅಂದರೆ ಯುಸಿಎಲ್‌ಎಯ, ಸಿನಿಮಾ ವಿಭಾಗದಲ್ಲಿ ಬಿಳಿಯರಲ್ಲದ ವಿದ್ಯಾರ್ಥಿಗಳು ತೀರ ಕಡಿಮೆ. ಅದೇ ನಗರದ ವಾಟ್ಸ್ ಎಂಬ ಕಪ್ಪುಜನರ ಬಡಾವಣೆ 1965ರಲ್ಲಿ ಹೊತ್ತಿ ಉರಿದಿತ್ತು. ವಿದ್ಯಾರ್ಥಿಗಳು ಗಲಾಟೆ ಮಾಡಿದರು. ಎಲಿಸಿಯೊ ಟೇಲರ್ ಎಂಬ ಕಪ್ಪು ಪ್ರಾಧ್ಯಾಪಕರು ಅವರ ಬೆನ್ನಿಗೆ ನಿಂತರು. ಅದರ ಫಲವಾಗಿ ಎತ್ನೊ-ಕಮ್ಯುನಿಕೇಷನ್ಸ್ ಎಂಬ ಕಾರ್ಯಕ್ರಮ ಶುರುವಾಗಿ ಕಪ್ಪುಜನ, ಮೆಕ್ಸಿಕನ್ ಮೂಲದವರು, ಏಷ್ಯಾ ಮೂಲದವರು, ಮೂಲನಿವಾಸಿಗಳು ಒಳಗೆ ಬಂದರು.

ಬಂದವರಿಗೆ ಹಾಲಿವುಡ್ಡಿನ ಸ್ಟುಡಿಯೊ ಪದ್ಧತಿಯನ್ನೇ ಆದರ್ಶವೆಂದು ಉಣಿಸಲಿಲ್ಲ ಎಂಬುದು ಇಲ್ಲಿನ ವಿಶೇಷ. ಆಫ್ರಿಕಾದ, ಲ್ಯಾಟಿನ್ ಅಮೆರಿಕದ ಸಿನಿಮಾಗಳನ್ನು ನೋಡಿದರು, ಚರ್ಚಿಸಿದರು. ಕ್ಯಾಮೆರಾ ಹಿಡಿದು ತಮ್ಮ ತಮ್ಮ ಕೇರಿಗೆ ಹೋದರು. ಚಾರ್ಲ್ಸ್ ಬರ್ನೆಟ್ ವಾಟ್ಸ್‌ನಲ್ಲೇ ಬೆಳೆದವರು. ಕಸಾಯಿಖಾನೆಯಲ್ಲಿ ದುಡಿಯುವ ಒಬ್ಬ ಸಂಸಾರಿಯ ಕಥೆಯನ್ನು ವಾರಾಂತ್ಯಗಳಲ್ಲಿ, ಹತ್ತು ಸಾವಿರ ಡಾಲರಿಗೂ ಕಡಿಮೆ ಖರ್ಚಿನಲ್ಲಿ, ಗೆಳೆಯರು ನೆರೆಹೊರೆಯವರನ್ನೇ ನಿಲ್ಲಿಸಿ ಚಿತ್ರೀಕರಿಸಿದರು. 1977ರಲ್ಲಿ ಅದನ್ನೇ ಪದವಿಯ ಪ್ರಬಂಧವಾಗಿ ಸಲ್ಲಿಸಿದರು. ಅದೇ ‘ಕಿಲ್ಲರ್ ಆಫ್ ಶೀಪ್’. 1990ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ರಾಷ್ಟ್ರದ ಸಂರಕ್ಷಿತ ಚಿತ್ರಗಳ ಪಟ್ಟಿಗೆ ಸೇರಿಸಿತು. ಅದರಲ್ಲಿ ಬಳಸಿದ ಹಾಡುಗಳ ಹಕ್ಕಿನ ದುಡ್ಡು ಹೊಂದಿಸಲಾಗದೆ 2007ರವರೆಗೂ ಸರಿಯಾಗಿ ಬಿಡುಗಡೆಯಾಗಲಿಲ್ಲ ಎಂಬುದು ಬೇರೆ ಕಥೆ. ಅದೇ ಶಾಲೆಯಿಂದ ಬಂದ ಜೂಲಿ ಡ್ಯಾಶ್ ಅವರ ‘ಡಾಟರ್ಸ್ ಆಫ್ ದಿ ಡಸ್ಟ್’ 1991ರದು. ಕಪ್ಪು ಮಹಿಳೆಯೊಬ್ಬರು ನಿರ್ದೇಶಿಸಿ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ತೆರೆಕಂಡ ಮೊದಲ ಕಥಾಚಿತ್ರ ಅದು. ಇವರೆಲ್ಲ ಒಬ್ಬರ ಚಿತ್ರಕ್ಕೆ ಇನ್ನೊಬ್ಬರು ದುಡಿದರು. ಹೈಲೆ ಗೆರಿಮಾ ಅವರ ‘ಬುಷ್ ಮಾಮಾ’ದಲ್ಲಿ ಬರ್ನೆಟ್ ಕ್ಯಾಮೆರಾ ಹಿಡಿದರು. ಬಿಲ್ಲಿ ವುಡ್‌ಬೆರಿಗೆ ಚಿತ್ರಕಥೆ ಬರೆದು ಛಾಯಾಗ್ರಹಣವನ್ನೂ ಮಾಡಿಕೊಟ್ಟರು. ಕಾರ್ಯಕ್ರಮ ನಡೆದದ್ದು ಕೆಲವೇ ವರ್ಷ. ಆದರೆ ಅಮೆರಿಕದ ಸಿನಿಮಾ ಚರಿತ್ರೆ ಬರೆಯುವ ಯಾರೂ ಇವತ್ತು ಆ ಗುಂಪನ್ನು ಬಿಟ್ಟು ಬರೆಯಲಾರರು.

ಪ್ರತಿಭೆಯ ವಿಷಯಕ್ಕೆ ಇಲ್ಲೊಂದು ಉತ್ತರವಿದೆ. ಬರ್ನೆಟ್‌ಗೆ ಪ್ರತಿಭೆ ಮೊದಲೇ ಇತ್ತು. ಹಳೆಯ ಪದ್ಧತಿಯಲ್ಲಿ ಅದು ವಾಟ್ಸ್‌ನ ಕಥೆಯಾಗಿ ಹೊರಬರಲು ದಾರಿಯಿರಲಿಲ್ಲ.

ನಮ್ಮ ಕಡೆ ಬರೋಣ. ಕರ್ನಾಟಕದಲ್ಲಿ ಒಳಗೊಳ್ಳುವಿಕೆಯ ಮಾತನ್ನು ಯಾರೂ ಆಡದ ಕಾಲದಲ್ಲೇ ಬಾಗಿಲನ್ನು ಅಗಲ ಮಾಡಿದ ಒಂದು ಕೋರ್ಸಿತ್ತು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ 1940ರ ದಶಕದಲ್ಲೇ ಸಿನಿಮಾ ಛಾಯಾಗ್ರಹಣ ಕಲಿಸುತ್ತಿದ್ದರು. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ ಕಲಿತು 1946ರಲ್ಲಿ ಹೊರಬಂದು, ಮುಂದೆ ಗುರುದತ್ ಅವರ ‘ಕಾಗಜ್ ಕೆ ಫೂಲ್’ ಚಿತ್ರೀಕರಿಸಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರು. ಕರಾಚಿಯಲ್ಲಿ ಹುಟ್ಟಿ, ದೇಶವಿಭಜನೆಯಲ್ಲಿ ಈ ಕಡೆ ಬಂದ ಕುಟುಂಬದ ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಪಾಲಿಟೆಕ್ನಿಕ್ ಆಗಿದ್ದರಿಂದ ಪದವಿ ಕೇಳುತ್ತಿರಲಿಲ್ಲ, ವಿಶ್ವಸಿನಿಮಾದ ಬಗ್ಗೆ ಇಂಗ್ಲಿಷಿನಲ್ಲಿ ಸಂದರ್ಶನ ಕೊಡಬೇಕಿರಲಿಲ್ಲ. ಅದೇ ಕೋರ್ಸು ಈಗ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆಯಲ್ಲಿದೆ.

ಇಂಗ್ಲಿಷಿನ ಗೋಡೆಯನ್ನು ಕೆಡವಿದ ಕೀರ್ತಿ ಹೆಗ್ಗೋಡಿನ ನೀನಾಸಂಗೂ ಸಲ್ಲಬೇಕು. ಕೆ.ವಿ. ಸುಬ್ಬಣ್ಣ 1970ರ ದಶಕದ ಕೊನೆಗೆ ಪುಣೆಯ ಸಂಸ್ಥೆಯ ಮೇಷ್ಟ್ರು ಸತೀಶ್ ಬಹಾದೂರ್ ಅವರನ್ನು ಮಲೆನಾಡಿನ ಆ ಹಳ್ಳಿಗೆ ಕರೆಸಿ ಚಿತ್ರರಸಗ್ರಹಣ ಶಿಬಿರ ಮಾಡಿಸಿದರು. ಅಡಿಕೆ ತೋಟದವರು, ಶಾಲೆಯ ಮೇಷ್ಟ್ರುಗಳು ಕುರೊಸಾವಾ, ಸತ್ಯಜಿತ್ ರಾಯ್ ಚಿತ್ರ ನೋಡಿ ಕನ್ನಡದಲ್ಲೇ ಜಗಳವಾಡಿದರು. ಪ್ರತಿಭೆ ಇಂಗ್ಲಿಷಿನಲ್ಲೇ ಮಾತಾಡಬೇಕು ಎಂದು ಎಲ್ಲೂ ಬರೆದಿಲ್ಲ. ಮೈಸೂರಿನ ಚಿದಾನಂದ ನಾಯ್ಕ್ ಎಂಬ ವೈದ್ಯರು ಪುಣೆಯಲ್ಲಿ ಒಂದು ವರ್ಷದ ಟೆಲಿವಿಷನ್ ಕೋರ್ಸು ಮಾಡುವಾಗ, ಕೋಳಿ ಕದ್ದ ಅಜ್ಜಿಯ ಜಾನಪದ ಕಥೆಯೊಂದನ್ನು ಕನ್ನಡದಲ್ಲೇ ಕಿರುಚಿತ್ರ ಮಾಡಿದರು. 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಅದಕ್ಕೇ ಮೊದಲ ಬಹುಮಾನ.

ನಿಮ್ಮ ಅಕ್ಕನ ಮಗಳ ವಿಷಯ ಕೊನೆಗೆ ಇಟ್ಟುಕೊಂಡೆ. ಹೆಣ್ಣುಮಕ್ಕಳಿಗೆ ಈ ಶಾಲೆಗಳ ಒಳದಾರಿ ಬಹುಕಾಲ ಸಂಕಲನದ ಕೋಣೆಯ ಕಡೆಗೇ ಹೋಗುತ್ತಿತ್ತು. ಅರುಣಾ ರಾಜೆ ವೈದ್ಯಕೀಯ ಓದು ಬಿಟ್ಟು ಪುಣೆಗೆ ಬಂದು ಸಂಕಲನ ಕಲಿತವರು. ರೇಣು ಸಲೂಜಾ ನಿರ್ದೇಶನಕ್ಕೆ ಅರ್ಜಿ ಹಾಕಿ, ಅದು ಸಿಗದೆ ಸಂಕಲನಕ್ಕೆ ಸೇರಿ, ನಾಲ್ಕು ರಾಷ್ಟ್ರಪ್ರಶಸ್ತಿ ಗೆದ್ದರು. ಕ್ಯಾಮೆರಾ ಭಾರ, ಹೆಂಗಸರಿಂದಾಗದು ಎಂಬ ಮಾತು ಈಗ ಸವೆದಿದೆ. ದೇಶದ ಮಹಿಳಾ ಛಾಯಾಗ್ರಾಹಕಿಯರು 2017ರಲ್ಲಿ ತಮ್ಮದೇ ಒಂದು ಸಂಘಟನೆ ಕಟ್ಟಿಕೊಂಡಿದ್ದಾರೆ. ಓದು ಮುಗಿದ ಮೇಲೆ ಮೊದಲ ಕೆಲಸ ಸಿಗುವುದು ಪರಿಚಯದ ಮೇಲೆಯೇ ಆದ್ದರಿಂದ, ಇಂಥ ಬಳಗ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಅವಳು ಅರ್ಜಿ ಹಾಕುವ ಮುಂಚೆ ಕೆಲವನ್ನು ವಿಚಾರಿಸಲಿ. ಲೈಂಗಿಕ ಕಿರುಕುಳದ ದೂರು ಕೇಳಲು 2013ರ ಕಾಯ್ದೆಯ ಪ್ರಕಾರ ಆಂತರಿಕ ಸಮಿತಿ ಇರಲೇಬೇಕು. ಅದರ ಸದಸ್ಯರ ಹೆಸರು ಫೋನ್ ನಂಬರು ನೋಟಿಸ್ ಬೋರ್ಡಿನಲ್ಲಿ ಇದೆಯೇ ನೋಡಲಿ. ಪೂರ್ತಿ ಕೋರ್ಸಿನ ಖರ್ಚನ್ನು, ಡಿಪ್ಲೊಮಾ ಚಿತ್ರಕ್ಕೆ ಕೈಯಿಂದ ಹಾಕಬೇಕಾದ ದುಡ್ಡನ್ನೂ ಸೇರಿಸಿ ಕೇಳಲಿ. ಪುಣೆ, ಕೋಲ್ಕತ್ತಗಳಿಗೆ ಪದವಿ ಮುಗಿದಿರಬೇಕು, ಹೆಸರಘಟ್ಟಕ್ಕೆ ಎಸ್ಸೆಸ್ಸೆಲ್ಸಿ ಸಾಕು. ಯಾವ ಶಾಲೆಯೇ ಆಗಲಿ, ಅಲ್ಲಿ ಛಾಯಾಗ್ರಹಣ ಓದಿ ಹೊರಬಂದ ಒಬ್ಬ ಹೆಣ್ಣುಮಗಳನ್ನು ಹುಡುಕಿ ಮಾತಾಡಿಸಿ. ಮೊದಲ ವರ್ಷದಲ್ಲಿ ಕ್ಯಾಮೆರಾ ಎಷ್ಟು ಸಲ ನಿಮ್ಮ ಕೈಗೆ ಬಂತು ಎಂದು ಕೇಳಿ.